ಇಲ್ಲದ ತಂಗಿಯ ಕುಬುಸ

ನನಗೆ ತಂಗಿಯಿಲ್ಲ. ಚಿಕ್ಕಪ್ಪ, ದೊಡ್ಡಪ್ಪಂದಿರಿಗೂ ಹೆಣ್ಣುಮಕ್ಕಳಿಲ್ಲ. ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಬರೀ ಗಂಡುಗಳೇ ಹುಟ್ಟಿ ಜಗಳಾಡಿಕೊಂಡು ಬಂದಿವೆ. ಆದರೂ ಸಂಡೂರಿನಲ್ಲಿ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಯಾರನ್ನು ಕೇಳಿದರೂ ಕಂಪ್ಲಿಯಲ್ಲಿರುವ ನನ್ನ ತಂಗಿಯ ಬಗ್ಗೆ ಹೇಳುತ್ತಿದ್ದರು. ಗಂಡ ರೈಸ್‌ಮಿಲ್ಲಿನಲ್ಲಿದ್ದಾನೆ, ಅತ್ತೆ ಸ್ವಲ್ಪ ಜೋರು, ಹುಡುಗಿ ಮಾತ್ರ ಬಂಗಾರ. ಇದೆಲ್ಲ ನಾನೇ ಹೇಳಿದ್ದು. ಹೇಳಬೇಕಾಗಿ ಬಂದದ್ದು ವಿಮಾನ ಕಲಿಯುವುದಕ್ಕೆ.

ನಮ್ಮದು ಗಣಿಯ ಅದಿರು ಪರೀಕ್ಷಿಸುವ ಲ್ಯಾಬು. ಚೀಲದಲ್ಲಿ ಬಂದ ಕೆಂಪು ಕಲ್ಲುಮಣ್ಣನ್ನು ಒಣಗಿಸಿ, ಅರೆದು, ಜರಡಿ ಹಿಡಿದು, ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಬರೆದು ಕೊಡುವುದು ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಮನೆ ಹೊಸಪೇಟೆ. ಬೆಳಿಗ್ಗೆ ಬೈಕಿನಲ್ಲಿ ಬಿಳಿ ಅಂಗಿ ಹಾಕಿಕೊಂಡು ಹೋಗುತ್ತೇನೆ, ಸಂಜೆ ಕೆಂಪು ಅಂಗಿಯಲ್ಲಿ ಬರುತ್ತೇನೆ. ಇಂಥ ಮನುಷ್ಯನಿಗೆ ಮೂವತ್ತೇಳನೆಯ ವಯಸ್ಸಿನಲ್ಲಿ ಆಕಾಶದ ಹುಚ್ಚು ಹಿಡಿದದ್ದಕ್ಕೆ ಗಾದಿಗನೂರಿನ ಮೆಣಸಿನಕಾಯಿ ಬಜ್ಜಿ ಕಾರಣ.

ಒಮ್ಮೆ ಸ್ಯಾಂಪಲ್ ತರಲು ಆ ಕಡೆ ಹೋದವನು ರಸ್ತೆ ಬದಿಯ ಹೋಟೆಲಿನಲ್ಲಿ ಕೂತಿದ್ದೆ. ಎದುರು ಬೆಂಚಿನಲ್ಲಿ ಬೋಳು ತಲೆಯ, ನನಗಿಂತ ದೊಡ್ಡ ಹೊಟ್ಟೆಯ ಹಿರಿಯರೊಬ್ಬರು ಒಗ್ಗರಣೆ ಮಂಡಕ್ಕಿಯ ಜೊತೆ ಬಜ್ಜಿ ತಿನ್ನುತ್ತಿದ್ದರು. ಹೆಗಲ ಮೇಲೆ ಪಟ್ಟಿಯಿದ್ದ ಅಂಗಿ. ಪೊಲೀಸರೋ, ಬ್ಯಾಂಡ್‌ಸೆಟ್ಟಿನವರೋ ತಿಳಿಯದೆ ಕೇಳಿಯೇಬಿಟ್ಟೆ. ಕುರೆಕುಪ್ಪದಾಚೆ ಒಂದು ಸಣ್ಣ ರನ್‌ವೇಯಲ್ಲಿ ಎರಡು ಸೀಟಿನ ಎರಡು ವಿಮಾನಗಳ ಶಾಲೆ ಬಂದಿದೆ, ಅಲ್ಲಿ ಕಲಿಸುತ್ತೇನೆ ಎಂದರು. ಮೈಸೂರಿನ ಕಡೆಯವರು. ವಿಮಾನ ನಡೆಸುವವರು ಎತ್ತರಕ್ಕೆ, ತೆಳ್ಳಗೆ, ಕಪ್ಪು ಕನ್ನಡಕ ಹಾಕಿಕೊಂಡು ಇರುತ್ತಾರೆಂದು ನಾನು ತಿಳಿದಿದ್ದೆ. ಈ ಮನುಷ್ಯ ಬಜ್ಜಿಯ ಎಣ್ಣೆಯನ್ನು ಪೇಪರಿಗೆ ಒತ್ತಿ ಒರೆಸಿ ತಿನ್ನುತ್ತಿದ್ದರು. ಇವರಿಂದ ಆಗುವುದಾದರೆ ನನ್ನಿಂದ ಯಾಕಾಗಬಾರದು ಎಂದು ಅನ್ನಿಸಿತು. ಅಲ್ಲಿಗೆ ಮುಗಿಯಿತು, ಮರುಳನಾದೆ.

ಹೊಸಪೇಟೆಯಲ್ಲಿ ಸೈಟು ತೆಗೆದುಕೊಳ್ಳಲು ಕೂಡಿಟ್ಟದ್ದಿತ್ತು. ಹೆಂಡತಿಯ ಮುಂದೆ ವಿಷಯ ಇಟ್ಟೆ. ಆಕೆ ಪ್ರೈಮರಿ ಶಾಲೆಯ ಟೀಚರು, ದಡ್ಡ ಹುಡುಗರನ್ನು ನೋಡಿ ಅಭ್ಯಾಸವಿದೆ.

"ನಿಮ್ಮ ವಯಸ್ಸಿಗೆ ಮಂದಿ ಶುಗರ್ ಚೆಕ್ ಮಾಡಿಸ್ತಾರ, ನೀವು ವಿಮಾನ ಕಲೀತೀನಿ ಅಂತೀರಿ," ಅಂದಳು. ಎರಡು ದಿನ ಬಿಟ್ಟು, "ಕಲೀರಿ. ಕಲೀದಿದ್ರ ಮುಪ್ಪಾಗೋತನಕ ಅದನ್ನ ಹೇಳ್ತೀರಿ. ಆದ್ರ ನಮ್ಮ ತವರಿನೋರ ಹೆಸರು ಹೇಳಿ ರಜಾ ಹಾಕಬ್ಯಾಡ್ರಿ," ಎಂದು ಒಪ್ಪಿದಳು. ಗಂಡನನ್ನು ಪೂರ್ತಿ ತಿಳಿದವಳ ಮಾತು ಅದು.

ರಜೆಯೇ ನಮ್ಮ ಕಷ್ಟವಾಗಿತ್ತು. ಲ್ಯಾಬಿಗೂ ಭಾನುವಾರ ರಜೆ, ವಿಮಾನ ಶಾಲೆಗೂ ಭಾನುವಾರವೇ ರಜೆ. ಹಾಗಾಗಿ ಬೆಳಿಗ್ಗೆ ಐದೂವರೆಗೆ ಹೊಸಪೇಟೆ ಬಿಟ್ಟು, ಕುರೆಕುಪ್ಪ ದಾಟಿ, ಬಿಸಿಲು ಏರುವ ಮೊದಲು ಒಂದು ತಾಸು ಹಾರಿ, ಅಲ್ಲಿಂದ ಸಂಡೂರಿಗೆ ಓಡಿ ಒಂಬತ್ತೂವರೆಗೆ ಲ್ಯಾಬಿನ ರಿಜಿಸ್ಟರಿಗೆ ಸಹಿ ಹಾಕಬೇಕು. ರನ್‌ವೇ ಮೇಲೆ ಕುರಿ ಬಂದರೆ ತಡ, ಮೋಡ ಬಂದರೆ ತಡ. ಇನ್ನು ಪರೀಕ್ಷೆ, ತಪಾಸಣೆ ಎಂದರೆ ಇಡೀ ದಿನವೇ ಬೇಕು. ನಿಜ ಹೇಳುವಂತಿರಲಿಲ್ಲ. ನಮ್ಮ ಸಾಹೇಬರು ಕೆಟ್ಟವರಲ್ಲ, ಆದರೆ ಬಿಟ್ಟುಹೋಗುವವರನ್ನು ಕಂಡರೆ ಆಗದು. ಹಿಂದೆ ಒಬ್ಬ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದಾನೆಂದು ತಿಳಿದ ದಿನವೇ ಅವನ ಟೇಬಲಿನ ಕೆಲಸವನ್ನೆಲ್ಲ ಬೇರೆಯವನಿಗೆ ಹಂಚಿದ್ದರು. ಅವನು ಆರು ತಿಂಗಳು ಕಿಟಕಿ ನೋಡುತ್ತ ಕೂತು, ಕೊನೆಗೆ ಪರೀಕ್ಷೆಯಲ್ಲೂ ಫೇಲಾದ.

ನಿಜವಾದ ನೆಂಟರನ್ನು ಬಳಸುವುದಕ್ಕೂ ಆಗುವುದಿಲ್ಲ. ಸಂಡೂರು ಹೊಸಪೇಟೆ ನಡುವೆ ಯಾರ ಮನೆಯ ಮದುವೆಯಾದರೂ ಅರ್ಧ ಲ್ಯಾಬು ಅಲ್ಲಿ ಊಟಕ್ಕೆ ಕೂತಿರುತ್ತದೆ. ಆದ್ದರಿಂದ ಕಂಪ್ಲಿಯಲ್ಲಿ ಚಿಕ್ಕಪ್ಪನ ಮಗಳೊಬ್ಬಳನ್ನು ಹುಟ್ಟಿಸಿದೆ. ಕಲಿಯಲು ಹೆಸರು ಬರೆಸಿದ ದಿನವೇ ಅವಳ ಮದುವೆ ಮಾಡಿದೆ.

ನಮ್ಮ ಲ್ಯಾಬಿನಲ್ಲಿ ಒಂದು ಕಟ್ಟಳೆಯುಂಟು. ಕಾರ್ಯಕ್ಕೆಂದು ರಜೆ ಹಾಕಿದವರು ಮರುದಿನ ಆ ಕಾರ್ಯದ ತಿನಿಸು ತಂದು ಹಂಚಬೇಕು. ತರದಿದ್ದರೆ ಯಾರೂ ಬೈಯುವುದಿಲ್ಲ, ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಮದುವೆ ಸುಲಭವಾಯಿತು. ಬೂಂದಿ ಲಾಡು ಯಾವ ಅಂಗಡಿಯಿಂದ ತಂದರೂ ಮದುವೆಯ ಲಾಡಿನಂತೆಯೇ ಇರುತ್ತದೆ. ಆಮೇಲೆ ಅವಳ ಮನೆಯ ಸತ್ಯನಾರಾಯಣ ಪೂಜೆ, ಬಾವಿ ಪೂಜೆ, ಮೈದುನನ ನಿಶ್ಚಿತಾರ್ಥ ಎಲ್ಲವೂ ನಡೆದವು. ಆ ಮನೆಯಲ್ಲಿ ನಡೆದಷ್ಟು ಶುಭಕಾರ್ಯ ಯಾವ ಮನೆಯಲ್ಲೂ ನಡೆದಿರಲಿಕ್ಕಿಲ್ಲ. ನಾನೂ ಹಾರುತ್ತ ಹಾರುತ್ತ ಸ್ವಲ್ಪ ಸ್ವಲ್ಪ ಕಲಿತೆ. ಒಮ್ಮೆ ಕಂಪ್ಲಿ ಸೇತುವೆಯವರೆಗೆ ಹೋಗಿ ತಿರುಗಿದಾಗ, ಬಲಗಡೆ ದೂರದಲ್ಲಿ ಹಂಪಿಯ ಗೋಪುರ ಬಂಡೆಗಳ ನಡುವೆ ಕಾಣುತ್ತಿತ್ತು. ಎಲ್ಲರೂ ಅದನ್ನೇ ನೋಡುತ್ತಾರಂತೆ. ನಾನು ಕೆಳಗೆ ಕಂಪ್ಲಿಯ ಮಾಳಿಗೆಗಳನ್ನು ನೋಡುತ್ತ, ಇವುಗಳಲ್ಲಿ ನಮ್ಮ ತಂಗಿಯ ಮನೆ ಯಾವುದಿರಬಹುದು ಎಂದು ಹುಡುಕಿದೆ. ಸುಳ್ಳು ಅಷ್ಟು ಮೈಗೆ ಹತ್ತಿತ್ತು.

ಒಂಟಿಯಾಗಿ ಹಾರುವ ಮೊದಲು ವೈದ್ಯರ ತಪಾಸಣೆಯ ಪತ್ರ ಬೇಕು. ಅದಕ್ಕೆ ಬೆಂಗಳೂರಿಗೆ ಹೋಗಬೇಕಾಯಿತು. ಮೂರು ದಿನದ ರಜೆಗೆ ತಕ್ಕ ಕಾರ್ಯ ಬೇಕಲ್ಲ? "ತಂಗಿ ಕುಬುಸ ಐತ್ರಿ," ಅಂದೆ. ಏಳನೆಯ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ಕಾರ್ಯ. "ಅಣ್ಣ ಇಲ್ದ ಕುಬುಸ ಹೆಂಗಾಗತೈತಿ? ಹೋಗಿ ಬಾ," ಎಂದು ಸಾಹೇಬರು ತಕ್ಷಣ ಸಹಿ ಹಾಕಿದರು. ಬರುವಾಗ ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ ಒಂದು ಕೇಜಿ ಸ್ವೀಟು ಕಟ್ಟಿಸಿಕೊಂಡು ಬಂದೆ.

ಅಲ್ಲಿ ಸಿಕ್ಕಿಬಿದ್ದೆ. ನಮ್ಮ ರಿಜಿಸ್ಟರುಗಳನ್ನೆಲ್ಲ ನೋಡಿಕೊಳ್ಳುವ ಹಿರಿಯ ಹೆಣ್ಣುಮಗಳೊಬ್ಬರಿದ್ದಾರೆ, ಸಂಡೂರಿನವರೇ. ಸಾಹೇಬರಿಂದ ಹಿಡಿದು ಎಲ್ಲರಿಗೂ ಅವರು ಅಕ್ಕ. ಲ್ಯಾಬಿನಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಕೈಯಿಂದ ಕುಲಾವಿ ಹೊಲಿದುಕೊಡುತ್ತಾರೆ; ನಮ್ಮ ಮಗನ ತಲೆಗೂ ಅವರದೇ ಕುಲಾವಿಯಿತ್ತು. ಅಕ್ಕ ಬಾಕ್ಸು ತೆರೆದು ಬಹಳ ಹೊತ್ತು ನೋಡಿದರು.

"ಕುಬುಸಕ್ಕ ಬೇಕರಿ ಸ್ವೀಟಾ?"

"ಹೌದ್ರಿ ಅಕ್ಕಾರ."

"ಬುತ್ತಿ ಕಟ್ಟಲಿಲ್ಲೇನು? ಕಡುಬು, ಕರ್ಚಿಕಾಯಿ, ಚಿತ್ರಾನ್ನ, ಏನೂ ಮಾಡಲಿಲ್ಲೇನು?"

"ಅವರ ಕಡಿ ಹಿಂಗ ರಿ."

"ಯಾವ ಕಡಿ? ಕಂಪ್ಲಿ ಏನು ಬ್ಯಾರೆ ದೇಶ ಏನು?"

ನಾನು ನೆಲ ನೋಡಿದೆ. ಅಕ್ಕ ಅದನ್ನು ಅಣ್ಣನ ಸಂಕಟ ಎಂದು ತಿಳಿದರು. ಅವರ ಮುಖ ಮೆತ್ತಗಾಯಿತು. "ಅತ್ತಿ ಜಿಪುಣಿ ಅದಾಳ. ಹೇಳ್ಕೊಳ್ಳಾಕ ನಾಚ್ತಿ, ಬಿಡು," ಅಂದರು. ಆಮೇಲೆ ಬೆರಳು ಮಡಚಿ ಎಣಿಸಿ, "ಇನ್ನ ಎರಡೂವರಿ ತಿಂಗಳು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಕುಬುಸವಾದ ಮೇಲೆ ಹೆರಿಗೆಯಾಗುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಮನೆಯಲ್ಲಿ ಹೇಳಿದಾಗ ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಯಾರರ ಸತ್ತಾರ ಅಂತ ಹೇಳಿದ್ರ ಹದಿಮೂರು ದಿನಕ್ಕ ಮುಗೀತಿತ್ತು. ಬಸುರಿ ಮಾಡಿ ಕುಂದ್ರಿಸೀರಿ, ಈಗ ಹಡಿಸ್ರಿ," ಅಂದಳು.

ಮುಂದಿನ ವಾರದಿಂದ ಡಬ್ಬಿಗಳು ಬರಲು ಶುರುವಾದವು. ಜಿಪುಣಿ ಅತ್ತೆಯ ಮನೆಯಲ್ಲಿ ಬಾಯಿ ಕಟ್ಟಿಕೊಂಡು ಕೂತ ಹುಡುಗಿಗೆಂದು ಅಕ್ಕ ಹೋಳಿಗೆ ಕೊಟ್ಟರು, ತುಪ್ಪದಲ್ಲಿ ಕರಿದ ಕರ್ಚಿಕಾಯಿ ಕೊಟ್ಟರು, ಕೊನೆಗೆ ಹೆರಿಗೆಯಾದ ಮೇಲೆ ಬೇಕಾಗುತ್ತದೆಂದು ಕೊಬ್ಬರಿ, ಉತ್ತತ್ತಿ, ಗೋಡಂಬಿ ಹಾಕಿದ ಅಂಟಿನ ಉಂಡಿ ಕೊಟ್ಟರು. "ಬಸುರಿ ಪಾಲು ನಾ ಮುಟ್ಟಂಗಿಲ್ಲ," ಎಂದು ಹೆಂಡತಿ ದೂರ ನಿಂತಳು. ಎಸೆಯಲು ಮನಸ್ಸು ಬರಲಿಲ್ಲ. ಇಲ್ಲದ ತಂಗಿಯ ಪಾಲನ್ನೆಲ್ಲ ನಾನೊಬ್ಬನೇ ಕೂತು ತಿಂದೆ. ಖಾಲಿ ಡಬ್ಬಿ ವಾಪಸು ಕೊಡಬಾರದೆಂದು ಹೆಂಡತಿ ಪ್ರತಿ ಸಲ ಒಂದು ಹಿಡಿ ಸಕ್ಕರೆ ಹಾಕಿ ಕಳಿಸಿದಳು. ಅದನ್ನು ಕಂಡು ಅಕ್ಕ, "ಹುಡುಗಿಗೆ ರೀತಿ ಗೊತ್ತೈತಿ," ಎಂದು ಇನ್ನಷ್ಟು ಕಳಿಸಿದರು.

ವಿಮಾನ ಶಾಲೆಯಲ್ಲಿ ಕಂಪ್ಲಿಯ ಮಿಲ್ಲೊಂದರಿಂದ ತಂದ, ಅಕ್ಕಿ ಚೀಲ ತೂಗುವ ಹಳೆಯ ಯಂತ್ರವಿತ್ತು. ಹಾರುವ ಮೊದಲು ಅದರ ಮೇಲೆ ಆ ಬಜ್ಜಿಯ ಗುರುಗಳೂ ನಾನೂ ನಿಲ್ಲಬೇಕು. ಅಷ್ಟು ಸಣ್ಣ ವಿಮಾನದಲ್ಲಿ ಮನುಷ್ಯರ ತೂಕ ಏರಿದರೆ ಪೆಟ್ರೋಲು ಇಳಿಸಬೇಕು, ಪೆಟ್ರೋಲು ಇಳಿದರೆ ಪಾಠ ಇಳಿಯುತ್ತದೆ. ಎರಡು ತಿಂಗಳಲ್ಲಿ ನಾನು ಆರು ಕೇಜಿ ಏರಿದ್ದೆ. ಗುರುಗಳಿಗೆ ನನ್ನ ಕಥೆಯೆಲ್ಲ ಗೊತ್ತಿತ್ತು.

"ಏನ್ರೀ ಇದು, ನಿಮ್ಮ ತಂಗಿ ಬಸುರಿ, ಹೊಟ್ಟೆ ನಿಮಗೆ ಬರ್ತಿದೆಯಲ್ಲ?" ಎಂದರು.

ನಗುವ ಮಾತಾಗಿ ಉಳಿಯಲಿಲ್ಲ ಅದು. ರನ್‌ವೇಯ ಕರಾರು ಮುಗಿಯುತ್ತಿದೆ, ತಿಂಗಳ ಕೊನೆಗೆ ಎರಡೂ ವಿಮಾನಗಳು ಬೇರೆ ರಾಜ್ಯಕ್ಕೆ ಹೋಗುತ್ತವೆ ಎಂದು ಅದೇ ದಿನ ತಿಳಿಯಿತು. ಅಷ್ಟರೊಳಗೆ ನಾನು ಒಬ್ಬನೇ ವಿಮಾನ ಏರಿಸಿ ಇಳಿಸಿದರೆ ಅದು ನನ್ನ ಪುಸ್ತಕದಲ್ಲಿ ದಾಖಲಾಗುತ್ತದೆ, ಮುಂದೆ ಎಲ್ಲಿಗಾದರೂ ಹೋಗಿ ಅಲ್ಲಿಂದ ಮುಂದುವರಿಸಬಹುದು. ಆಗದಿದ್ದರೆ ಸೈಟೂ ಇಲ್ಲ, ವಿಮಾನವೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನನ್ನಿಂದ ಆಗುತ್ತದೋ ಇಲ್ಲವೋ ಎಂಬುದು ನನಗೆ ಸಾಯುವವರೆಗೂ ಗೊತ್ತಾಗುವುದಿಲ್ಲ. ಆ ಕೊನೆಯ ಮಾತು ನೆನೆದರೆ ನಿಜವಾಗಿ ಭಯವಾಗುತ್ತಿತ್ತು.

ಅದರ ಮೇಲೆ ಒಂದು ವಾರವನ್ನು ಕುಂಬಾರ ಹುಳು ತಿಂದಿತು. ವಿಮಾನದ ರೆಕ್ಕೆಯ ಕೆಳಗೆ ಬೆರಳು ಗಾತ್ರದ ಒಂದು ಕೊಳವೆ ಇರುತ್ತದೆ. ಅದರೊಳಗೆ ಗಾಳಿ ನುಗ್ಗಿದರೆ ಮಾತ್ರ ಒಳಗಿನ ವೇಗದ ಮುಳ್ಳು ಏಳುತ್ತದೆ. ನಿಂತಾಗ ಅದಕ್ಕೊಂದು ಕೆಂಪು ಬಟ್ಟೆಯ ಟೋಪಿ ಹಾಕಬೇಕು. ನಮ್ಮ ಟೋಪಿಯನ್ನು ಒಂದು ಆಡು ಯಾವತ್ತೋ ತಿಂದುಹಾಕಿತ್ತು. ಪ್ಲಾಸ್ಟಿಕ್ ಚೀಲ ಕಟ್ಟಿಡುತ್ತಿದ್ದೆವು, ಅದು ಗಾಳಿಗೆ ಹಾರಿತು, ಹುಳು ಒಳಗೆ ಮಣ್ಣಿನ ಮನೆ ಕಟ್ಟಿತು. ರನ್‌ವೇ ಮೇಲೆ ವಿಮಾನ ಓಡಿಸಿದೆವು, ಮುಳ್ಳು ಸೊನ್ನೆಯಲ್ಲೇ ಕೂತಿತು, ಗುರುಗಳು ಬ್ರೇಕ್ ಒತ್ತಿದರು. ಇನ್ನೊಂದು ವಿಮಾನದಲ್ಲಿ ಬೇರೆಯವರ ಸರದಿ; ನಮ್ಮದರ ರಿಪೇರಿಗೆ ಮೆಕ್ಯಾನಿಕ್ ಬರುವ ಹೊತ್ತಿಗೆ ತಿಂಗಳಲ್ಲಿ ಉಳಿದದ್ದು ನಾಲ್ಕೇ ದಿನ. "ಗುರುವಾರ ನೀವೊಬ್ರೇ ಹೋಗಿ. ಅದು ಬಿಟ್ರೆ ಬೇರೆ ದಿನ ಇಲ್ಲ," ಅಂದರು ಗುರುಗಳು.

ಅಷ್ಟರಲ್ಲಿ ತಂಗಿಗೆ ಹೆಣ್ಣುಮಗು ಹುಟ್ಟಿತ್ತು. ಅಕ್ಕನ ಬೆರಳೆಣಿಕೆ ಮುಗಿದಾಗ ಹೇಳದೆ ಗತಿಯಿರಲಿಲ್ಲ. ಗುರುವಾರಕ್ಕೆ ತೊಟ್ಟಿಲ ಕಾರ್ಯ ಎಂದು ರಜೆ ಕೇಳಿದೆ. ಸಾಹೇಬರು ಕ್ಯಾಲೆಂಡರ್ ನೋಡಿ ಖುಷಿಯಾದರು.

"ಗುರುವಾರ ಲೈನ್ ಕೆಲಸಕ್ಕ ಇಡೀ ದಿನ ಕರೆಂಟ್ ತೆಗೀತಾರ. ನಾವು ಇಲ್ಲಿ ಕುಂತು ಏನು ಮಾಡೋದು? ಗಾಡಿ ಹೇಳ್ತೀನಿ, ಎಲ್ಲಾರೂ ಕಂಪ್ಲಿಗೆ ಬರ್ತೀವಿ."

ಲ್ಯಾಬೆಲ್ಲ ಒಪ್ಪಿಕೊಂಡಿತು. ನಾನು ನಕ್ಕೆ.

ಬುಧವಾರ ಸಂಜೆ ಎಲ್ಲರೂ ಹೋದ ಮೇಲೆ ಅಕ್ಕನ ಟೇಬಲಿನ ಹತ್ತಿರ ನಿಂತೆ. ಅವರು ಕುಲಾವಿಗೆ ಕೊನೆಯ ದಾರ ಹಾಕುತ್ತಿದ್ದರು. ತಮ್ಮ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡಿನಲ್ಲಿ ಹೊಲಿದದ್ದು, ಅಂಚಿಗೆ ಸಣ್ಣ ಗೆಜ್ಜೆ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ: ತಂಗಿಯಿಲ್ಲ, ಮಗುವಿಲ್ಲ, ವಿಮಾನ ಇದೆ, ನಾಳೆ ಒಂದೇ ದಿನ.

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದರು. ಕೇಳಿದರು, "ಹಂಗಾರ ಅಂಟಿನ ಉಂಡಿ ಯಾರು ತಿಂದ್ರು?"

"ನಾನ ರಿ."

"ಎಲ್ಲಾನೂ?"

"ಎಲ್ಲಾನೂ ರಿ."

ನಗುತ್ತಾರೇನೋ ಎಂದು ಕಾದೆ. ನಗಲಿಲ್ಲ. "ಹೆರಿಗಿ ಸುಸೂತ್ರ ಆಗ್ಲಿ ಅಂತ ಐದು ಸೋಮವಾರ ಉಪವಾಸ ಇದ್ದೆ ನಾನು," ಅಂದರು. "ನೀರು ಬಿಟ್ಟು ಏನೂ ಮುಟ್ಟಿಲ್ಲ. ಆ ಸೋಮವಾರ ಎಲ್ಲಿ ಹೋದ್ವು, ಹೇಳು ತಮ್ಮಾ." ಅವರು ಕುಲಾವಿಯನ್ನು ಕೈಚೀಲಕ್ಕೆ ಹಾಕಿಕೊಂಡು, ಬೀಗದ ಕೈ ನನ್ನ ಮುಂದಿಟ್ಟು ಹೋದರು. ಸಾಹೇಬರು ಕೆಲಸದಿಂದ ತೆಗೆದಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಮನೆಗೆ ಬರುವವರೆಗೂ ಹೆಲ್ಮೆಟ್ಟಿನೊಳಗೆ ಅಳುತ್ತಲೇ ಇದ್ದೆ.

ಗುರುವಾರ ಬೆಳಿಗ್ಗೆ ಗಾಳಿ ಶಾಂತವಾಗಿತ್ತು. ಗುರುಗಳು ಜೊತೆಗೆ ಕೂತು ಎರಡು ಸುತ್ತು ಹಾಕಿಸಿ, ಮೂರನೆಯದಕ್ಕೆ ಬೆಲ್ಟು ಬಿಚ್ಚಿಕೊಂಡು ಇಳಿದರು. "ನಾನಿಲ್ಲ ಅಂದ್ರೆ ಇದು ಬೇಗನೆ ಏರತ್ತೆ, ಗಾಬರಿ ಆಗ್ಬೇಡಿ," ಎಂದು ಬಾಗಿಲು ಹಾಕಿದರು. ಪಕ್ಕದ ಸೀಟು ಅಷ್ಟು ಖಾಲಿಯಾಗಿ ಕಾಣಬಹುದೆಂದು ನಾನು ಎಣಿಸಿರಲಿಲ್ಲ. ಹಾರುವ ಮೊದಲು ನೋಡಬೇಕಾದವುಗಳ ಪಟ್ಟಿಯನ್ನು ಬಾಯಿಬಿಟ್ಟು ಓದಿದೆ, ಲ್ಯಾಬಿನ ಅಭ್ಯಾಸದಂತೆ ಎರಡೆರಡು ಸಲ ನೋಡಿದೆ. ಓಡಿಸಿದೆ, ವೇಗದ ಮುಳ್ಳು ಎದ್ದಿತು, ವಿಮಾನವೂ ಎದ್ದಿತು. ಗುರುಗಳು ಹೇಳಿದ್ದು ನಿಜ. ಅವರ ಹೊಟ್ಟೆಯ ಭಾರವಿಲ್ಲದ ವಿಮಾನ ನನಗಿಂತ ಮೊದಲೇ ಮೇಲೆ ಹೋಗಿ ನನ್ನನ್ನು ಕರೆದುಕೊಂಡಂತಾಯಿತು. ಸಂಡೂರಿನ ಗುಡ್ಡಗಳು ಒಂದು ಕಡೆ, ಹೊಸಪೇಟೆಯ ಡ್ಯಾಮಿನ ನೀರು ಇನ್ನೊಂದು ಕಡೆ ಹೊಳೆಯುತ್ತಿತ್ತು. ಹದಿನಾಲ್ಕು ವರ್ಷ ಅರೆದ ಗುಡ್ಡ ಅದು. ಮೇಲಿನಿಂದ ಅದರಲ್ಲಿ ಕಬ್ಬಿಣ ಎಷ್ಟಿದೆಯೆಂದು ಹೇಳಲು ಬರುವುದಿಲ್ಲ. ನನಗೆ ಬಹಳ ಸಂತೋಷವಾಯಿತು, ಜೋರಾಗಿ ಕೂಗಿದೆ. ಕೇಳುವವರು ಯಾರೂ ಇರಲಿಲ್ಲ.

ರನ್‌ವೇಗೆ ಸಮಾನಾಂತರವಾಗಿ ಹಿಂದಕ್ಕೆ ಬರುವಾಗ ಬೇಲಿಯ ಹತ್ತಿರ ಒಂದು ಬಿಳಿ ಗಾಡಿ ಕಂಡಿತು. ಪಕ್ಕದಲ್ಲಿ ರೇಷ್ಮೆ ಸೀರೆಗಳು, ಇಸ್ತ್ರಿ ಮಾಡಿದ ಬಿಳಿ ಅಂಗಿಗಳು, ಒಂದು ಹೊಸ ಮರದ ತೊಟ್ಟಿಲು. ಇಡೀ ಲ್ಯಾಬು ಬಂದು ನಿಂತಿತ್ತು. ಇಳಿಯಲೇಬೇಕಾದ ವಿಮಾನದಲ್ಲಿ ಕೂತು, ಇಳಿಯಬಾರದೆಂದು ಬಯಸಿದವನು ನಾನೊಬ್ಬನೇ ಇರಬೇಕು.

ಇಳಿದೆ. ಒಮ್ಮೆ ನೆಲ ಮುಟ್ಟಿ ಎದ್ದಿತು, ಎರಡನೆಯ ಸಲ ಎದ್ದಿತು, ಮೂರನೆಯ ಸಲಕ್ಕೆ ನಿಂತುಕೊಂಡಿತು. ಗುರುಗಳು ಕೈ ಕುಲುಕಿ, ವಾಡಿಕೆಯಂತೆ ಒಂದು ಬಕೆಟ್ ನೀರು ತಲೆಯ ಮೇಲೆ ಸುರಿದರು. ಹನಿ ತೊಟ್ಟಿಕ್ಕಿಸಿಕೊಂಡು ಬೇಲಿಯ ಹತ್ತಿರ ಹೋದೆ.

ಸಾಹೇಬರು ಸಿಟ್ಟಿನಲ್ಲಿದ್ದರು. ಕಂಪ್ಲಿಗೆ ಹೊರಟ ಗಾಡಿಯನ್ನು ಅಕ್ಕ ದಾರಿಯಲ್ಲಿ ಈ ಕಡೆ ತಿರುಗಿಸಿ, ಬರುವಾಗಲೇ ಎಲ್ಲ ಹೇಳಿದ್ದರಂತೆ. "ಕೆಲಸ ಬಿಟ್ಟು ಹೊಕ್ಕೀಯೇನು?" ಎಂದಷ್ಟೇ ಕೇಳಿದರು.

"ಇಲ್ರಿ. ನನ್ನ ವಯಸ್ಸಿಗೆ ನೌಕರಿ ಯಾರೂ ಕೊಡಂಗಿಲ್ಲ. ಸುಮ್ನ ಹಾರಬೇಕು ಅನಿಸಿತ್ರಿ."

"ಸುಮ್ನ?" ಸಾಹೇಬರು ವಿಮಾನವನ್ನು, ನನ್ನನ್ನು, ಮತ್ತೆ ವಿಮಾನವನ್ನು ನೋಡಿದರು. ಹೊಟ್ಟೆಪಾಡಿಗೆ ಮಾಡಿದ್ದರೆ ಅವರಿಗೆ ಬೈಯಲು ಬರುತ್ತಿತ್ತು. ಸುಮ್ಮನೆ ಮಾಡಿದವನನ್ನು ಹೇಗೆ ಬೈಯುವುದೆಂದು ತಿಳಿಯದೆ ಅವರು ತೊಟ್ಟಿಲು ಒಳಗಿಡಲು ಡ್ರೈವರಿಗೆ ಹೇಳಿದರು.

ಅಕ್ಕ ನನ್ನ ಕಡೆ ನೋಡದೆ ವಿಮಾನದ ಹತ್ತಿರ ಹೋಗಿದ್ದರು. ಗುರುಗಳು ರೆಕ್ಕೆಯ ಕೊಳವೆಗೆ ಮತ್ತೆ ಪ್ಲಾಸ್ಟಿಕ್ ಚೀಲ ಕಟ್ಟುತ್ತಿದ್ದರು. ಅದು ಯಾಕೆ ಎಂದು ಅಕ್ಕ ಕೇಳಿದರು, ಗುರುಗಳು ಆಡಿನಿಂದ ಹಿಡಿದು ಹುಳುವಿನವರೆಗೆ ಹೇಳಿದರು. ಅಕ್ಕ ಕೈಚೀಲದಿಂದ ಕುಲಾವಿ ತೆಗೆದು ಕೊಳವೆಗೆ ತೊಡಿಸಿ, ಗದ್ದಕ್ಕೆ ಕಟ್ಟುವ ದಾರವನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದರು. ಗೆಜ್ಜೆ ಅಲ್ಲಾಡಿತು.

"ಹಾರೋ ಮುಂಚೆ ತೆಗೀಬೇಕಮ್ಮ, ಇಲ್ದಿದ್ರೆ ಅಪಾಯ," ಅಂದರು ಗುರುಗಳು.

"ಗಂಟು ಕಾಣಂಗ ಹಾಕೀನ್ರಿ," ಅಂದರು ಅಕ್ಕ. ಆಮೇಲೆ ನನ್ನ ಕಡೆ ತಿರುಗಿದರು. "ಮೂರು ಸಲ ನೆಲಕ್ಕ ಬಿದ್ದಿ. ಮೂರು ಸಲನೂ ಉಳಿಸಿದ್ದು ನನ್ನ ಸೋಮವಾರ. ಒಂದಕ್ಕ ಒಂದರಂತೆ ಮೂರು ಖರ್ಚಾದ್ವು. ಇನ್ನ ಎರಡು ಬಾಕಿ ಅದಾವು."

ತಿಂಗಳ ಕೊನೆಗೆ ವಿಮಾನಗಳು ಹೋದವು. ಕುಲಾವಿಯೂ ಹೋಯಿತು.

ಅಕ್ಕ ಎರಡು ತಿಂಗಳು ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಡಬ್ಬಿಗಳು ನಿಂತವು, ಹೊಟ್ಟೆ ಇಳಿಯಿತು. ಚಳಿಗಾಲ ಬಂದಾಗ ಗುರುಗಳು ಫೋನು ಮಾಡಿ, ಹತ್ತು ದಿನ ಬಂದರೆ ಮುಂದಿನ ಪಾಠ ಮುಗಿಸಿಕೊಡುತ್ತೇನೆ ಎಂದರು. ಈ ಸಲ ರಜೆಯ ಅರ್ಜಿಯಲ್ಲಿ, ಕಾರಣದ ಮುಂದೆ 'ವಿಮಾನ ಹಾರಿಸಲು' ಎಂದು ಬರೆದು ಸಾಹೇಬರ ಮುಂದಿಟ್ಟೆ.

ಅವರು ಓದಿ ಕನ್ನಡಕ ತೆಗೆದರು. "ಹೆಡ್ಡಾಫೀಸಿನೋರು ಇದನ್ನ ನಂಬ್ತಾರೇನು? ನನಗ ಹುಚ್ಚು ಹಿಡದೈತಿ ಅಂತಾರ. ಯಾವುದರ ಕುಬುಸ ಬರಕೊಂಡು ಬಾರಪ್ಪ."

ಅರ್ಜಿ ಹಿಡಿದುಕೊಂಡು ನಿಂತೆ. ಪಕ್ಕದ ಟೇಬಲಿನಲ್ಲಿ ಅಕ್ಕ ರಿಜಿಸ್ಟರಿಗೆ ಗೆರೆ ಹೊಡೆಯುತ್ತಿದ್ದರು. ಸ್ಕೇಲು ಎತ್ತದೆಯೇ ಮಾತಾಡಿದರು.

"ಸುಳ್ಳ ಬರಿಬ್ಯಾಡ ತಮ್ಮಾ. ಎರಡು ಸೋಮವಾರ ಬಾಕಿ ಅದಾವು, ಮುಗಿಸಿ ಬರ್ತೀನಿ ಅಂತ ಬರಿ."

ಹಾಗೆಯೇ ಬರೆದೆ. ಸಾಹೇಬರು ಎರಡು ಸಲ ಓದಿ, "ಹೆಡ್ಡಾಫೀಸಿನೋರು ಹರಕಿ ಅಂತ ತಿಳೀತಾರ," ಎಂದು ಸಹಿ ಹಾಕಿದರು.